ಅಂಗಿ ಬದಲಾದರೆ ಆಳು ಬದಲಾದನೆ?

ಇಷ್ಟು ವರ್ಷ ಗಂಟಲು ಹರಿಯುವಂತೆ ಬೈದ ಆಳಿಗೆ ಈ ವರ್ಷ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅಂದರೆ ಹೇಗೆ ಸ್ವಾಮಿ? 2022ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಹಿಡಿದ ಪೀಕಲಾಟ ಇದು. ಕೇರಳ ಬ್ಲಾಸ್ಟರ್ಸ್ ತಂಡದ ಹಳೆಯ ಕ್ಯಾಪ್ಟನ್ ಸಂದೇಶ್ ಜಿಂಗನ್ ಬೆಂಗಳೂರು ಎಫ್.ಸಿ.ಗೆ ಸಹಿ ಹಾಕಿದ್ದರು. ಕಂಠೀರವದ ಪಶ್ಚಿಮ ಗ್ಯಾಲರಿಯ ಹುಡುಗರಿಗೆ ಸಂತೋಷಪಡುವುದೋ ಮುಖ ತಿರುಗಿಸುವುದೋ ತಿಳಿಯಲಿಲ್ಲ. ಅತ್ತ ಕೊಚ್ಚಿಯಲ್ಲಿ ಮಾತ್ರ ಅನುಮಾನವೇ ಇರಲಿಲ್ಲ. ಹೋಗಿ ಹೋಗಿ ಅಲ್ಲಿಗಾ ಹೋಗೋದು ಅಂತ ಒಂದೇ ಮಾತು.

ಫುಟ್‌ಬಾಲಿನ ಗಂಧ ಇಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಜಿಂಗನ್ ಚಂಡೀಗಢದ ಹುಡುಗ. ಆಡುವುದು ಡಿಫೆಂಡರ್ ಆಗಿ, ಅಂದರೆ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲುವ ಕೆಲಸ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿದ ವರ್ಷವೇ ಕೇರಳ ಸೇರಿ, ಹಳದಿ ಅಂಗಿಯಲ್ಲಿ ಆರು ವರ್ಷ ಬೆಳೆದರು. ಮಲಯಾಳಂ ಬಾರದ ಪಂಜಾಬಿನ ಕಡೆಯ ಹುಡುಗ ಕೊಚ್ಚಿಯ ಗ್ಯಾಲರಿಗೆ ಮನೆಮಗನಾದ. 2020ರಲ್ಲಿ ಅವರು ತಂಡ ಬಿಟ್ಟಾಗ ಕ್ಲಬ್ಬಿನ ಮಾಲೀಕರು 21ನೇ ನಂಬರಿನ ಅಂಗಿಯನ್ನೇ ನಿವೃತ್ತಿ ಮಾಡಿದರು. ಇನ್ನು ಆ ನಂಬರು ಯಾರ ಬೆನ್ನಿಗೂ ಇಲ್ಲ ಎಂದು ಅರ್ಥ. ಸರ್ಕಾರಿ ಕಛೇರಿಯಲ್ಲಿ ಸಾಹೇಬರು ನಿವೃತ್ತಿಯಾದರೆ ಕುರ್ಚಿಗೆ ಮಾರನೇ ದಿನವೇ ಇನ್ನೊಬ್ಬರು ಬರುತ್ತಾರೆ. ಇಲ್ಲಿ ಕುರ್ಚಿಯನ್ನೇ ಎತ್ತಿಟ್ಟರು!

ಅಂಥ ಆಳು ಎರಡು ವರ್ಷದಲ್ಲಿ ಬೆಂಗಳೂರಿನ ನೀಲಿ ಅಂಗಿಯಲ್ಲಿ ಪ್ರತ್ಯಕ್ಷ.

ವಾದ ಶುರುವಾಯಿತು. ಅವನು ಹಳದಿ ಕಣ್ರೀ, ಮೈ ತುಂಬ ಹಳದಿ, ನಮ್ಮ ಗೋಲಿನ ಮುಂದೆ ನಿಂತರೂ ಅವನ ಕಣ್ಣು ಆ ಕಡೆಗೇ ಅಂತ ಒಂದು ಪಕ್ಷ. ಸುಮ್ನಿರಪ್ಪಾ, ಒಳ್ಳೇ ಬ್ಯಾಕ್ ಸಿಕ್ಕಿದ್ದಾನೆ, ಗೋಲು ತಡೀತಾನಾ ಇಲ್ವಾ ಅಷ್ಟು ನೋಡು ಅಂತ ಇನ್ನೊಂದು ಪಕ್ಷ. ಇವೆರಡರ ನಡುವೆ ಮೂರನೆಯ ಪಕ್ಷವೂ ಇತ್ತು. ಅದು ಹಳೆಯ ತಲೆಗಳದ್ದು. ಏನ್ರೋ, ಈ ಹುಡುಗ ಮೊದಲೇ ನಮ್ಮಲ್ಲಿ ಆಡಿದ್ದನಲ್ಲ, ಮರೆತೇಬಿಟ್ರಾ ಎಂದು ಅವರ ಪ್ರಶ್ನೆ.

ಮರೆತಿದ್ದರು. ಈ ಜಗಳದ ಬೇರು ಇರುವುದೂ ಆ ಮರೆವಿನಲ್ಲೇ.

ಒಂದೇ ಮೈಗೆ ಎರಡು ಅಂಗಿ

ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಆಗ ಆಟ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿನ ಪಶ್ಚಿಮದ ಮೆಟ್ಟಿಲ ಮೇಲೆ ನಿಂತು ತೊಂಬತ್ತು ನಿಮಿಷವೂ ಕೂಗುತ್ತಿದ್ದ ಹುಡುಗರೇ ವೆಸ್ಟ್ ಬ್ಲಾಕ್ ಬ್ಲೂಸ್ ಆದರು. ತಂಡ ಕಂಠೀರವಕ್ಕೆ ಬಂದಾಗ ಹೆಸರೂ ಜತೆಗೇ ಬಂತು. ಆಡಿದ ಮೊದಲನೆಯ ವರ್ಷವೇ ಐ-ಲೀಗ್ ಗೆದ್ದ ತಂಡ ಇದು. 2015-16ರಲ್ಲಿ ಇನ್ನೊಮ್ಮೆ ಗೆದ್ದಿತು.

ಆ ಕಾಲದಲ್ಲಿ ದೇಶದಲ್ಲಿ ಎರಡು ಲೀಗು. ಸೂಪರ್ ಲೀಗ್ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದು ಮುಗಿದ ಮೇಲೆ ಐ-ಲೀಗ್. ಬೆಂಗಳೂರು ಐ-ಲೀಗಿನಲ್ಲಿತ್ತು, ಕೇರಳ ಸೂಪರ್ ಲೀಗಿನಲ್ಲಿತ್ತು. ಎರಡೂ ತಂಡಗಳು ಎದುರೆದುರು ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಹೀಗಾಗಿ ಆಟಗಾರರು ಸುಗ್ಗಿಯಲ್ಲಿ ಒಂದು ಹೊಲ, ಸುಗ್ಗಿ ಮುಗಿದ ಮೇಲೆ ಇನ್ನೊಂದು ಹೊಲ ಎನ್ನುವ ಹಾಗೆ ವರ್ಷಕ್ಕೆ ಎರಡು ಕಡೆ ದುಡಿಯುತ್ತಿದ್ದರು.

ಕಣ್ಣೂರಿನ ಸಿ.ಕೆ. ವಿನೀತ್ ಅವರನ್ನೇ ನೋಡಿ. 2016ರ ನವೆಂಬರ್ 5ರಂದು ದೋಹಾದಲ್ಲಿ ಬೆಂಗಳೂರು ಎಫ್.ಸಿ. ಎ.ಎಫ್.ಸಿ. ಕಪ್ ಫೈನಲ್ ಆಡಿತು. ಆ ಮಟ್ಟಕ್ಕೆ ಏರಿದ ಮೊದಲ ಭಾರತೀಯ ತಂಡ. ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು ಒಂದು ಗೋಲಿನಿಂದ ಸೋತಿತು. ವಿನೀತ್ ಆಗ ನೀಲಿ ತಂಡದವರು. ಅದು ಮುಗಿದದ್ದೇ ತಡ, ಹಳದಿ ತೊಟ್ಟು ಕೇರಳಕ್ಕೆ ಹೋಗಿ, ಅರ್ಧ ಮುಗಿದಿದ್ದ ಲೀಗಿನಲ್ಲಿ ಐದು ಗೋಲು ಹೊಡೆದರು. ತ್ರಿಶ್ಶೂರಿನ ರಿನೋ ಆಂಟೊ ಕೂಡ ಹೀಗೆಯೇ ಎರಡೂ ಕಡೆ. ಡಿಸೆಂಬರ್ 18ರಂದು ಕೊಚ್ಚಿಯ ಫೈನಲ್ಲಿನಲ್ಲಿ ಕೇರಳ ಪೆನಾಲ್ಟಿಯಲ್ಲಿ ಸೋತು ಅತ್ತಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಇವರೆಲ್ಲ ಬೆಂಗಳೂರಿನಲ್ಲಿ ನೀಲಿ ಅಂಗಿ ಹಾಕಿ ಓಡುತ್ತಿದ್ದರು. ಈ ಸಲ ಜೊತೆಗೆ ಇನ್ನೊಬ್ಬರೂ ಬಂದಿದ್ದರು: ಸಂದೇಶ್ ಜಿಂಗನ್!

ಬೆಂಗಳೂರಲ್ಲಿ ಯಾರಾದರೂ ಬೈದರೇ? ಕೊಚ್ಚಿಯಲ್ಲಿ ಯಾರಾದರೂ ದ್ರೋಹಿ ಎಂದರೇ? ಎಲ್ಲೂ ಇಲ್ಲ. ಎರಡು ಊರಿಗೂ ಅವರು ಬೇಕಾದವರೇ.

2017ರ ಮೇ 21ರಂದು ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್. ಎದುರಿಗೆ ಮೋಹನ್ ಬಾಗಾನ್. ತೊಂಬತ್ತು ನಿಮಿಷವಾದರೂ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ವಿನೀತ್ ಎರಡು ಗೋಲು ಹೊಡೆದು ಕಪ್ಪನ್ನು ಬೆಂಗಳೂರಿಗೆ ತಂದರು. ಆಗ ಅವರಿಗೆ ಕೈ ಮುಗಿಯದ ನೀಲಿ ಅಭಿಮಾನಿ ಇರಲಿಲ್ಲ.

ಎರಡು ತಿಂಗಳಲ್ಲಿ ಎಲ್ಲ ತಲೆಕೆಳಗು. ಬೆಂಗಳೂರು ಎಫ್.ಸಿ. ಐ-ಲೀಗ್ ಬಿಟ್ಟು ಸೂಪರ್ ಲೀಗಿಗೆ ಬಂತು. ಎರಡು ಲೀಗುಗಳೂ ಒಂದೇ ಹೊತ್ತಿಗೆ ನಡೆಯುವ ಏರ್ಪಾಡಾಯಿತು. ಇನ್ನು ಒಬ್ಬ ಆಳಿಗೆ ಒಂದೇ ಅಂಗಿ. ಜೊತೆಗೆ ಒಂದು ನಿಯಮ ಬೇರೆ: ಪ್ರತಿ ತಂಡ ಹಳೆಯ ಆಟಗಾರರಲ್ಲಿ ಇಬ್ಬರು ಹಿರಿಯರನ್ನು ಮಾತ್ರ ಉಳಿಸಿಕೊಳ್ಳಬಹುದು, ಮಿಕ್ಕವರು ಹರಾಜಿನಂಥ ಸಾಲಿಗೆ ಹೋಗಿ ನಿಲ್ಲಬೇಕು. ಬೆಂಗಳೂರು ಸುನಿಲ್ ಛೆಟ್ರಿ ಮತ್ತು ಉದಾಂತ ಸಿಂಗ್ ಅವರನ್ನು ಇಟ್ಟುಕೊಂಡಿತು. ಕೇರಳ ಇಟ್ಟುಕೊಂಡದ್ದು ವಿನೀತ್ ಮತ್ತು ಜಿಂಗನ್ ಅವರನ್ನು. ಸಾಲಿನಲ್ಲಿ ನಿಂತಿದ್ದ ರಿನೋ ಅವರನ್ನೂ ಕೇರಳವೇ ಕರೆದುಕೊಂಡಿತು.

ಅಲ್ಲಿಗೆ ಕಟಕ್‌ನಲ್ಲಿ ಕಪ್ ಗೆದ್ದ ಬೆಂಗಳೂರಿನ ತಂಡದಿಂದ ಮೂವರು ಎದುರಾಳಿ ಪಾಳೆಯಕ್ಕೆ. ಯಾರೂ ರಾತ್ರೋರಾತ್ರಿ ಗಂಟು ಕಟ್ಟಿ ಓಡಿರಲಿಲ್ಲ. ಓಡಿಸಿದ್ದು ಕ್ಯಾಲೆಂಡರು ಮತ್ತು ರೂಲ್ ಬುಕ್ಕು. ಆದರೆ ಗ್ಯಾಲರಿಯಲ್ಲಿ ಕೂತವರಿಗೆ ರೂಲ್ ಬುಕ್ಕಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಸುಖ? ಅದಕ್ಕೆ ಮುಖವಿಲ್ಲ, ಬೆನ್ನ ಮೇಲೆ ನಂಬರಿಲ್ಲ. ಕೂಗಿದರೆ ತಿರುಗಿ ನೋಡುವುದೂ ಇಲ್ಲ. ವಿನೀತ್ ಆದರೆ ತಿರುಗಿ ನೋಡುತ್ತಾರೆ.

ಆ ವರ್ಷದ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಎರಡೂ ತಂಡಗಳ ಮೊದಲ ಮುಖಾಮುಖಿ. ಬೆಂಗಳೂರು 3, ಕೇರಳ 1. ಹೊಸ ವರ್ಷದ ಪಟಾಕಿಯೆಲ್ಲ ನೀಲಿ ಕಡೆಗೆ. 2018ರ ಮಾರ್ಚ್ 1ರಂದು ಕಂಠೀರವದಲ್ಲಿ ಮತ್ತೆ 2-0. ಅಲ್ಲಿಂದ ಈಚೆಗೆ ಕೇರಳದ ಮಂಜಪ್ಪಡ, ಅಂದರೆ ಹಳದಿ ಪಡೆ, ಮತ್ತು ವೆಸ್ಟ್ ಬ್ಲಾಕಿನವರ ನಡುವೆ ಹಾವು ಮುಂಗುಸಿಯ ಸಂಬಂಧ. ಬೆಂಗಳೂರಿನಲ್ಲಿ ದುಡಿಯುವ ಮಲಯಾಳಿಗಳು ಕಮ್ಮಿಯೇ? ಕೇರಳ ಆಡಲು ಬಂದ ದಿನ ಕಂಠೀರವದೊಳಗೇ ಒಂದು ಹಳದಿ ಹೊಲ ಅರಳಿರುತ್ತದೆ. ಬೆಳಿಗ್ಗೆ ಒಂದೇ ಆಫೀಸಿನಲ್ಲಿ ಪಕ್ಕ ಪಕ್ಕ ಕೂತು ಲೆಕ್ಕ ಬರೆದವರು ಸಂಜೆ ಒಬ್ಬರ ವಂಶವನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಮಾರನೇ ದಿನ ಮತ್ತೆ ಒಂದೇ ಕ್ಯಾಂಟೀನಿನಲ್ಲಿ ಬೈಟು ಕಾಫಿ.

ಅಂದಹಾಗೆ, ಬೆಂಗಳೂರಿನವರಿಗೆ ಆಟಗಾರ ಊರು ಬಿಡುವುದು ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ನಮ್ಮ ಅಹ್ಮದ್ ಖಾನ್ ಮಾರನೇ ವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಅಲ್ಲಿಯ ಪಂಚಪಾಂಡವರಲ್ಲಿ ಒಬ್ಬರಾದರು. ದಂಡಿನ ಪ್ರದೇಶದ ಯಾವ ಹಿರಿಯರೂ ಅದಕ್ಕೆ ಮುನಿಸಿಕೊಂಡ ಕಥೆ ಇಲ್ಲ. ಹೆಮ್ಮೆಯ ಕಥೆಗಳೇ ಇರುವುದು. ಕಲ್ಕತ್ತೆಯ ಮಾತು ಬೇರೆ. ಅಲ್ಲಿ ಮೋಹನ್ ಬಾಗಾನ್‌ನಿಂದ ಈಸ್ಟ್ ಬೆಂಗಾಲ್‌ಗೆ ಹಾರುವುದು ಅಂದರೆ ಮನೆ ಒಡೆದ ಹಾಗೆ. ಸಹಿ ಹಾಕುವ ದಿನದವರೆಗೆ ಆಟಗಾರನನ್ನು ಕ್ಲಬ್ಬಿನವರು ಗುಟ್ಟಾಗಿ ಬಚ್ಚಿಡುತ್ತಿದ್ದ ಕಾಲವೂ ಇತ್ತು. ನಮ್ಮ ಎಮ್ಮೆಲ್ಲೆಗಳಿಗೆ ರೆಸಾರ್ಟಿನ ಉಪಾಯ ಹೇಳಿಕೊಟ್ಟವರು ಅವರೇ ಇರಬೇಕು! ಬೆಂಗಳೂರಿಗೆ ಆ ರೋಗ ಅಂಟಿದ್ದು 2017ರ ಮೇಲೆ.

ಹಾಜರಿ ಪುಸ್ತಕ

ಅಂಗಡಿಯವರಿಗೆ ಈ ವಾದ ಚೆನ್ನಾಗಿ ಅರ್ಥವಾಗುತ್ತದೆ. ಹತ್ತು ವರ್ಷ ನಿಮ್ಮ ಗಲ್ಲಾ ಪಕ್ಕದಲ್ಲಿ ನಿಂತು ಬಟ್ಟೆ ಹರಿದು ಕೊಟ್ಟ ಹುಡುಗ, ಎದುರಿನ ಸಾಲಿನ ಅಂಗಡಿಯಲ್ಲಿ ಐನೂರು ಜಾಸ್ತಿ ಕೊಡ್ತಾರೆ ಅಂತ ಹೋದರೆ ಹೊಟ್ಟೆ ಉರಿಯುತ್ತದೆ. ಆದರೆ ಅವನಿಗೂ ಮನೆ ಬಾಡಿಗೆ ಇದೆ ಎಂಬುದೂ ಗೊತ್ತಿರುತ್ತದೆ. ಫುಟ್‌ಬಾಲ್ ಆಟಗಾರನಿಗೆ ಅದರ ಜೊತೆಗೆ ಇನ್ನೊಂದು ಕಷ್ಟ. ಬಟ್ಟೆ ಅಂಗಡಿಯ ಹುಡುಗ ಅರವತ್ತರವರೆಗೂ ಬಟ್ಟೆ ಹರಿಯಬಹುದು. ಆಟಗಾರನ ಕಾಲು ಮೂವತ್ತೈದಕ್ಕೆ ಸಾಕು ಅನ್ನುತ್ತದೆ. ಮೊಣಕಾಲು ಕೈಕೊಟ್ಟರೆ ಅದೂ ಇಲ್ಲ.

ವಿನೀತ್ ಅವರ ಸಂಗತಿಯನ್ನೇ ನೋಡಿ. ಕೇರಳದ ಅಕೌಂಟೆಂಟ್ ಜನರಲ್ ಕಛೇರಿಯಲ್ಲಿ ಕ್ರೀಡಾ ಕೋಟಾದ ಮೇಲೆ ಅವರಿಗೆ ಕೆಲಸವಿತ್ತು. 2017ರಲ್ಲಿ ಹಾಜರಾತಿ ಸಾಲದು ಎಂದು ತೆಗೆದುಹಾಕಿದರು. ಫುಟ್‌ಬಾಲ್ ಆಡುತ್ತಾನೆ ಅಂತ ಕೆಲಸ ಕೊಟ್ಟವರು, ಫುಟ್‌ಬಾಲ್ ಆಡಲು ಹೋಗಿ ಆಫೀಸಿಗೆ ಬರಲಿಲ್ಲ ಅಂತ ಕೆಲಸ ಕಿತ್ತುಕೊಂಡರು. ಇದೂ ರೂಲ್ ಬುಕ್ಕಿನ ಆಟವೇ. ಕಟಕ್‌ನಲ್ಲಿ ಎರಡು ಗೋಲು ಹೊಡೆದದ್ದೂ, ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹೋದದ್ದೂ ಒಂದೇ ಕಾಲದಲ್ಲಿ! ಪಿಂಚಣಿಯ ಕೆಲಸ ಹೋದ ಮನುಷ್ಯ ತನ್ನ ಊರಿನ ತಂಡ ಕರೆದಾಗ ಹೋದದ್ದು ತಪ್ಪು ಅನ್ನುವುದಕ್ಕೆ ಯಾವ ಬಾಯಿಯೂ ಬರಬಾರದು. ಆದರೂ ಬಂತು.

ರಿನೋ ಅವರ ಕಥೆ ಸುಖವಾಗಿದೆ. ಒಂದು ವರ್ಷ ಹಳದಿಯಲ್ಲಿ ಕಳೆದು, 2018ರಲ್ಲಿ ಬೆಂಗಳೂರಿಗೆ ವಾಪಸು ಬಂದರು. ಆ ಸೀಸನ್ನಿನಲ್ಲೇ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾವನ್ನು ಸೋಲಿಸಿ ಬೆಂಗಳೂರು ಸೂಪರ್ ಲೀಗ್ ಗೆದ್ದಿತು. ಹೋದದ್ದೂ ಮರೆತುಹೋಯಿತು, ಬಂದದ್ದೂ ಮರೆತುಹೋಯಿತು.

ವಿನೀತ್ ಪಾಡು ಹಾಗಾಗಲಿಲ್ಲ. 2019ರ ಜನವರಿಯಲ್ಲಿ ಕೇರಳದವರೇ ಅವರನ್ನು ಸಾಲವಾಗಿ ಚೆನ್ನೈಗೆ ಕೊಟ್ಟರು. ಕೊಟ್ಟದ್ದು ಕ್ಲಬ್ಬು, ಬೈಸಿಕೊಂಡದ್ದು ಆಟಗಾರ. ಫೆಬ್ರವರಿಯಲ್ಲಿ ಚೆನ್ನೈ ತಂಡದೊಂದಿಗೆ ಕೊಚ್ಚಿಗೆ ಆಡಲು ಬಂದಾಗ, ಚೆಂಡು ಹೆಕ್ಕಿ ಕೊಡುವ ಪುಟ್ಟ ಹುಡುಗನಿಗೆ ವಿನೀತ್ ಕೆಟ್ಟದಾಗಿ ಬೈದರು ಎಂಬ ಧ್ವನಿ ಮುದ್ರಿಕೆಯೊಂದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಇದು ಶುದ್ಧ ಸುಳ್ಳು ಎಂದು ವಿನೀತ್ ಪೊಲೀಸರಿಗೆ ದೂರು ಕೊಟ್ಟರು. ತನ್ನದೇ ನಾಡಿನ, ತನ್ನದೇ ಹಳೆಯ ಅಭಿಮಾನಿಗಳ ಮೇಲೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಒಬ್ಬ ಆಟಗಾರನಿಗೆ ಎಷ್ಟು ನೋವಾಗಿರಬೇಕು?

ಬೆಂಗಳೂರಿನವರು ಇದನ್ನು ಕೇಳಿ ನಗುವಂತಿಲ್ಲ. ಗ್ಯಾಲರಿಯಲ್ಲಿ ಬಾಯಿಗೆ ಬಂದದ್ದನ್ನು ಕೂಗುವ ವಿದ್ಯೆ ನಮಗೂ ಕರಗತ. ತೊಂಬತ್ತು ನಿಮಿಷ ಕೂಗಿದ್ದು ತೊಂಬತ್ತು ನಿಮಿಷಕ್ಕೆ ಮುಗಿದರೆ ಆಟ. ಹೆಂಡತಿ ಮಕ್ಕಳ ಮೊಬೈಲಿನವರೆಗೆ ಹಿಂಬಾಲಿಸಿಕೊಂಡು ಹೋದರೆ ಅದಕ್ಕೆ ಬೇರೆ ಹೆಸರಿದೆ.

ಹಾಗಂತ ಅಭಿಮಾನಿಯ ಸಂಕಟ ಸುಳ್ಳೂ ಅಲ್ಲ. ಈ ಇಡೀ ವ್ಯಾಪಾರದಲ್ಲಿ ಎಲ್ಲರಿಗೂ ಹೊರಗೆ ಹೋಗಲು ಬಾಗಿಲಿದೆ. ಮಾಲೀಕ ತಂಡ ಮಾರಬಹುದು. ಕೋಚ್ ರಾಜೀನಾಮೆ ಕೊಡಬಹುದು. ಆಟಗಾರ ಕರಾರು ಮುಗಿಸಿ ಹೊರಡಬಹುದು. ಅಕ್ಕಿ ಚೆನ್ನಾಗಿಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಬೆಂಗಳೂರು ಸೋತಿತು ಅಂತ ವೆಸ್ಟ್ ಬ್ಲಾಕಿನ ಹುಡುಗ ಕೊಚ್ಚಿಗೆ ಹೋಗಿ ಕೂಗುತ್ತಾನೆಯೇ? ಅವನೊಬ್ಬನಿಗೆ ಮಾತ್ರ ಬಾಗಿಲಿಲ್ಲ. ಕರಾರು ಬರೆಯುವಾಗ ಅವನನ್ನು ಯಾರೂ ಕೇಳುವುದಿಲ್ಲ, ಹರಿಯುವಾಗಲೂ ಕೇಳುವುದಿಲ್ಲ. ಟಿಕೆಟ್ಟಿನ ದುಡ್ಡು, ಅಂಗಿಯ ದುಡ್ಡು, ಬಸ್ ಚಾರ್ಜು ಎಲ್ಲ ಅವನದು. ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರು ಬರೆಸಿಕೊಂಡಿದ್ದರೆ ಆ ದುಡ್ಡೂ ಹೋಯಿತು.

ನಾಲಿಗೆ ಜಾರಿದ ರಾತ್ರಿ

ಮತ್ತೆ ಜಿಂಗನ್ ವಿಷಯಕ್ಕೆ ಬರೋಣ. ಅವರು ಕೇರಳ ಬಿಟ್ಟದ್ದು 2020ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು 2019ರ ಅಕ್ಟೋಬರಿನಲ್ಲಿ, ಭಾರತ ತಂಡದ ಅಭ್ಯಾಸ ಪಂದ್ಯವೊಂದರಲ್ಲಿ ಮೊಣಕಾಲು ಮುರಿದಂತಾಗಿ, ಒಂದು ಇಡೀ ಸೀಸನ್ ಆಡಿರಲಿಲ್ಲ. ಕೊರೊನಾ ಬಂದು ಕ್ಲಬ್ಬುಗಳೆಲ್ಲ ಖರ್ಚು ಕಡಿತದ ಮಾತಾಡುತ್ತಿದ್ದ ದಿನಗಳು. ಇಬ್ಬರೂ ಒಪ್ಪಿ ಬೇರೆಯಾದೆವು ಎಂದು ಕ್ಲಬ್ಬು ಹೇಳಿತು. ಹಾರ ಹಾಕಿ ಕಳಿಸಿದ ಹಾಗೆ ನಂಬರಿಗೂ ನಿವೃತ್ತಿ. ಅವರು ಎ.ಟಿ.ಕೆ. ಮೋಹನ್ ಬಾಗಾನ್ ಸೇರಿದರು. ಆಗಲೂ ಕೇರಳದವರು ಬೈಯಲಿಲ್ಲ. ಹೋಗಿ ಬಾ ಮಗನೇ ಎಂದರು. ಗಮನಿಸಬೇಕಾದ ಮಾತು ಇದು: ಎದುರಾಳಿ ತಂಡಕ್ಕೆ ಹೋದದ್ದಕ್ಕೆ ಯಾರೂ ಮುನಿಯಲಿಲ್ಲ.

2021ರಲ್ಲಿ ಕ್ರೊಯೇಷ್ಯಾದ ಷಿಬೆನಿಕ್ ತಂಡಕ್ಕೆ ಹೋದರು. ಅಲ್ಲಿ ಮತ್ತೆ ಗಾಯ. ಒಂದು ಪಂದ್ಯವೂ ಆಡದೆ 2022ರ ಜನವರಿಗೆ ಮೋಹನ್ ಬಾಗಾನ್‌ಗೇ ವಾಪಸು. ಫೆಬ್ರವರಿ 19ರಂದು ಗೋವಾದಲ್ಲಿ ಹಳೆಯ ತಂಡವಾದ ಕೇರಳದ ವಿರುದ್ಧ ಪಂದ್ಯ. ಕೇರಳದ ಅಡ್ರಿಯಾನ್ ಲೂನಾ ಎರಡು ಗೋಲು ಹೊಡೆದರು. ಕೇರಳ ಗೆದ್ದೇಬಿಟ್ಟಿತು ಅನ್ನುವಾಗ, ಕೊನೆಯ ಉಸಿರಿನಲ್ಲಿ, ಬಾಗಾನ್‌ನ ಯೋನಿ ಕೌಕೊ ಚೆಂಡನ್ನು ಒಳಗೆ ಹಾಕಿದರು. 2-2. ಆ ಬಿಸಿಯಲ್ಲಿ ಮೈದಾನದಿಂದ ಹೊರಗೆ ಬರುತ್ತಾ ಜಿಂಗನ್ ಹಿಂದಿಯಲ್ಲಿ ಒಂದು ಮಾತು ಎಸೆದರು. ಹೆಂಗಸರ ಜೊತೆ ಮ್ಯಾಚ್ ಆಡಿ ಬಂದೆ ಎಂದು ಅದರ ಅರ್ಥ. ಕ್ಯಾಮೆರಾ ಇತ್ತು. ಬೆಳಗಾಗುವುದರೊಳಗೆ ಕೇರಳದ ಮೂಲೆ ಮೂಲೆಗೂ ಮಾತು ಮುಟ್ಟಿತು.

ಜಿಂಗನ್ ಕ್ಷಮೆ ಕೇಳಿದರು. ಜೊತೆಯ ಆಟಗಾರರ ನಡುವಿನ ಬಿಸಿ ಮಾತು, ಯಾರನ್ನೂ ಕೀಳು ಮಾಡುವುದಕ್ಕಲ್ಲ ಎಂದರು. ಮತ್ತೊಮ್ಮೆ ಕ್ಷಮೆ ಕೇಳಿದರು. ಮನೆಯವರ ಮೇಲೂ ಬೈಗುಳ ಸುರಿಯುತ್ತಿದೆ ಎಂದು ಅವರೇ ಹೇಳಿಕೊಂಡರು. ಆದರೆ ಕೇರಳದವರ ಸಿಟ್ಟು ಇಳಿಯಲಿಲ್ಲ. ಎತ್ತಿಟ್ಟ ಆ 21ನೇ ನಂಬರನ್ನು ಕೆಳಗೆ ಇಳಿಸಿ, ಬೇರೆ ಯಾರಿಗಾದರೂ ಕೊಡಿ ಎಂದು ಕ್ಲಬ್ಬಿಗೆ ದುಂಬಾಲು ಬಿದ್ದರು.

ಸಿಟ್ಟಿನಲ್ಲಿ ಸತ್ಯವೂ ಇತ್ತು, ಒಂದು ತಮಾಷೆಯೂ ಇತ್ತು. ಅವಮಾನ ನಿಜವಾಗಿ ಯಾರಿಗಾಯಿತು? ಹೆಂಗಸರಿಗೆ. ಬೂಟು ಕಟ್ಟಿ ಮೈದಾನಕ್ಕಿಳಿಯುವ ಸಾವಿರಾರು ಹುಡುಗಿಯರು ಈ ದೇಶದಲ್ಲಿದ್ದಾರೆ. ಆದರೆ ಗ್ಯಾಲರಿಯಲ್ಲಿ ಹೆಚ್ಚಿನ ಗಲಾಟೆ, ನಮ್ಮನ್ನು ಹೆಂಗಸರು ಅಂದುಬಿಟ್ಟನಲ್ಲ ಎಂಬುದಕ್ಕೆ! ಹಾಗೆ ಅಂದರೆ ಬೈಗುಳ ಎಂದು ಎರಡೂ ಕಡೆಯವರು ಒಪ್ಪಿಕೊಂಡ ಹಾಗೆಯೇ ಆಯಿತು.

ಆರು ತಿಂಗಳು ಕಳೆಯಿತು. ಜಿಂಗನ್ ಬೆಂಗಳೂರಿಗೆ ಬಂದರು. ಅವರ ಜೊತೆಗೆ ಮೋಹನ್ ಬಾಗಾನ್‌ನ ಮನೆಯಿಂದಲೇ ಫಿಜಿ ದೇಶದ ರಾಯ್ ಕೃಷ್ಣ ಮತ್ತು ಬಂಗಾಳದ ಪ್ರಬೀರ್ ದಾಸ್ ಕೂಡ. ನಮ್ಮಿಂದ ಮಲಪ್ಪುರದ ಆಶಿಕ್ ಕುರುಣಿಯನ್ ಆ ಕಡೆ ಹೋದರು. ಮೆಜೆಸ್ಟಿಕ್ಕಿನಲ್ಲಿ ಒಂದು ಬಸ್ಸಿನವರೆಲ್ಲ ಇಳಿದು ಇನ್ನೊಂದು ಬಸ್ಸು ಹತ್ತಿದ ಹಾಗೆ.

ವಾದ ಮಾಡುತ್ತಿದ್ದವರ ಬಾಯಿ ಮುಚ್ಚಿಸಿದ್ದು ಕಪ್ಪು. ಸೆಪ್ಟೆಂಬರ್ 18ರಂದು ಕಲ್ಕತ್ತೆಯಲ್ಲಿ ಮುಂಬಯಿಯನ್ನು 2-1ರಿಂದ ಸೋಲಿಸಿ ಬೆಂಗಳೂರು ಡ್ಯುರಾಂಡ್ ಕಪ್ ಗೆದ್ದಿತು. ಡ್ಯುರಾಂಡ್ ಅಂದರೆ 1888ರಲ್ಲಿ ಶುರುವಾದ ಕಪ್ಪು, ದೇಶದಲ್ಲೇ ಹಳೆಯದು. ಕಪ್ಪು ಬಂದ ಮೇಲೆ ಅವನು ಹಳದಿ, ಇವನು ಹಸಿರು ಅನ್ನುವವರ ದನಿ ಸಣ್ಣದಾಯಿತು. ಗೆದ್ದವನಿಗೆ ಎಲ್ಲರೂ ನೆಂಟರು.

ಮಾರ್ಚ್ 3ರ ಶುಕ್ರವಾರ

ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಕೇರಳ 3-2ರಿಂದ ಗೆದ್ದಿತು. ಫೆಬ್ರವರಿ 11ರಂದು ಕಂಠೀರವದಲ್ಲಿ ರಾಯ್ ಕೃಷ್ಣ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಗೆದ್ದಿತು. ಲೆಕ್ಕ ಸಮ ಆಯಿತು ಅಂದುಕೊಳ್ಳುವಾಗ 2023ರ ಮಾರ್ಚ್ 3ರಂದು ಮತ್ತೆ ಕಂಠೀರವದಲ್ಲಿ ಸೋತವರು ಮನೆಗೆ ಎಂಬ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟುತ್ತಿದ್ದರು, ಗೋಲ್‌ಕೀಪರ್ ಇನ್ನೂ ಜಾಗ ಹಿಡಿದಿರಲಿಲ್ಲ. ಛೆಟ್ರಿ ತಡಮಾಡದೆ ಚೆಂಡನ್ನು ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು.

ಕೇರಳದವರು ಒಪ್ಪಲಿಲ್ಲ. ಕೋಚ್ ಇವಾನ್ ವುಕೊಮನೊವಿಚ್ ಮೈದಾನಕ್ಕೆ ಇಳಿದು ತಮ್ಮ ಹುಡುಗರನ್ನು ಹೊರಗೆ ಕರೆದುಕೊಂಡು ಹೋದರು. ಆಟ ನಿಂತಿತು. ಕಾದು ಕಾದು ಕೊನೆಗೆ ಬೆಂಗಳೂರು ಗೆದ್ದಿತು ಎಂದು ಸಾರಿದರು. ಆಮೇಲೆ ಕೇರಳಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯದ ನಿಷೇಧ. ಅಂದು ರಾತ್ರಿ ಖಾಲಿಯಾದ ಅರ್ಧ ಮೈದಾನದ ಈಚೆಗೆ ನೀಲಿ ಅಂಗಿಯಲ್ಲಿ ನಿಂತಿದ್ದವರಲ್ಲಿ ಕೇರಳದ ಹಳೆಯ ಕ್ಯಾಪ್ಟನ್ ಜಿಂಗನ್ ಕೂಡ ಒಬ್ಬರು. ಆಚೆ ಕಡೆಯ ಹಳದಿ ಗ್ಯಾಲರಿ ಆ ಮುಖವನ್ನು ನೋಡಿ ಏನೇನು ಅಂದಿರಬಹುದು ಎಂಬುದನ್ನು ಸಂಜೆ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಈ ಗದ್ದಲದಲ್ಲಿ ಒಂದು ಅನ್ಯಾಯವೂ ಆಯಿತು. ಮಾರನೇ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದರು. ಮೈಸೂರು ರಾಜ್ಯ ಎಂಬ ಹೆಸರಿದ್ದಾಗ, 1968-69ರಲ್ಲಿ, ಗೆದ್ದ ಮೇಲೆ ಐವತ್ತನಾಲ್ಕು ವರ್ಷಕ್ಕೆ ಬಂದ ಕಪ್ಪು! ಬಸ್ ಸ್ಟಾಪಿನಲ್ಲಿ ಅದರ ಮಾತೆತ್ತಿದವರು ಎಷ್ಟು ಜನ? ಛೆಟ್ರಿ ಹೊಡೆದದ್ದು ಸರಿಯೋ ತಪ್ಪೋ ಎಂಬುದರಲ್ಲೇ ಎಲ್ಲರೂ ಮುಳುಗಿದ್ದರು.

ಬೆಂಗಳೂರು ಫೈನಲ್‌ಗೆ ಏರಿತು. ಮಾರ್ಚ್ 18ರಂದು ಗೋವಾದಲ್ಲಿ. ಎದುರಿಗೆ ಯಾರು? ಎ.ಟಿ.ಕೆ. ಮೋಹನ್ ಬಾಗಾನ್. ಜಿಂಗನ್, ರಾಯ್ ಕೃಷ್ಣ, ಪ್ರಬೀರ್ ಮೂವರಿಗೂ ಹಿಂದಿನ ವರ್ಷದ ಮನೆ. ಸಿನಿಮಾದವರು ಬರೆದರೂ ಇಷ್ಟು ಜೋಡಣೆ ಕೂಡಿಬರುತ್ತಿರಲಿಲ್ಲ. ಮೊದಲು ರಾಯ್ ಕೃಷ್ಣ ಅವರ ಕೈಗೆ ಚೆಂಡು ತಗುಲಿ ಬಾಗಾನ್‌ಗೆ ಪೆನಾಲ್ಟಿ, ಗೋಲು. ನೋಡಿದ್ರಾ, ಹಳೇ ಋಣ ತೀರಿಸಿದ ಅನ್ನುವವರಿಗೆ ಅಷ್ಟು ಸಾಕಿತ್ತು. ಛೆಟ್ರಿ ಪೆನಾಲ್ಟಿಯಲ್ಲಿ ಸಮ ಮಾಡಿದರು. ಎಪ್ಪತ್ತೆಂಟನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬೆಂಗಳೂರನ್ನು ಮುಂದೆ ತಂದವರು ಯಾರು? ಅದೇ ರಾಯ್ ಕೃಷ್ಣ. ಋಣದ ಲೆಕ್ಕ ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಬಾಗಾನ್ ಇನ್ನೊಂದು ಪೆನಾಲ್ಟಿಯಿಂದ 2-2 ಮಾಡಿ, ಕೊನೆಯ ಪೆನಾಲ್ಟಿ ಸರದಿಯಲ್ಲಿ 4-3ರಿಂದ ಕಪ್ಪು ಒಯ್ದಿತು. ಬೆಂಗಳೂರಿನ ಕಡೆಯಿಂದ ಗುರಿ ತಪ್ಪಿದವರು ಬ್ರೂನೊ ರಮಿರೆಸ್ ಮತ್ತು ಪಾಬ್ಲೊ ಪೆರೆಸ್. ಬಾಗಾನ್‌ನಿಂದ ಬಂದ ಮೂವರಲ್ಲಿ ಯಾರೂ ಅಲ್ಲ.

ಮೂರು ತಿಂಗಳಲ್ಲಿ ಮೂವರೂ ಬೆಂಗಳೂರು ಬಿಟ್ಟರು. ಜಿಂಗನ್ ಗೋವಾ ಸೇರಿದರು. ರಾಯ್ ಕೃಷ್ಣ ಒಡಿಶಾಕ್ಕೆ. ಪ್ರಬೀರ್ ದಾಸ್ ಎಲ್ಲಿಗೆ ಅಂತೀರಿ? ಕೇರಳಕ್ಕೆ! ಮಾರ್ಚ್ 3ರ ರಾತ್ರಿ ನೀಲಿ ತೊಟ್ಟು ಕೇರಳದ ವಿರುದ್ಧ ಆಡಿದವರೇ. ಸೆಪ್ಟೆಂಬರ್ 21ರಂದು ಹೊಸ ಸೀಸನ್ನಿನ ಮೊದಲ ಪಂದ್ಯ, ಕೊಚ್ಚಿಯಲ್ಲಿ, ಕೇರಳಕ್ಕೂ ಬೆಂಗಳೂರಿಗೂ. ಪ್ರಬೀರ್ ಹಳದಿ ಅಂಗಿಯಲ್ಲಿ. ಕೇರಳ 2, ಬೆಂಗಳೂರು 1.

ಅಂದು ಕೊಚ್ಚಿಯ ಗ್ಯಾಲರಿಯಲ್ಲಿ ಮಾರ್ಚ್ ತಿಂಗಳ ಫ್ರೀ ಕಿಕ್ ಯಾರೂ ಮರೆತಿರಲಿಲ್ಲ. ಪ್ರಬೀರ್ ಅಂದು ಆ ಕಡೆ ಇದ್ದರು ಎಂಬುದನ್ನು ಮಾತ್ರ ಮರೆತಿದ್ದರು. ಇತ್ತ ಬೆಂಗಳೂರಿನ ಬಸ್ಸುಗಳಲ್ಲಿ, ಅವನು ಮೊದಲಿಂದಲೂ ಹಾಗೇ ಕಣ್ರೀ ಎಂಬ ಮಾತು ಶುರುವಾಗಿತ್ತು.